ಹೊರಗಿನ ಖೋಲಿಯ ಪಾಲು

ಜುಲೈ 9, ಬುಧವಾರ

ಇವತ್ತು ಮತ್ತೆ ಹೊರಗೆ ಕುಳಿತೆ. ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲಾಚೆ ನಿಂತು ಅತ್ತೆಯವರಿಗೆ "ನಾ ಒಳಗ ಬರಂಗಿಲ್ರಿ" ಎಂದೆ. ಅವರು ತಲೆ ಎತ್ತದೆ "ಆತು, ಹೋಗು" ಎಂದರು. ಚಾಪೆ, ಹೊದಿಕೆ, ತಂಬಿಗೆ ಹಿಡಿದು ಹಿತ್ತಲಿನ ಖೋಲಿಗೆ ಬಂದೆ.

ಈಗ ಖರೆ ಮಾತು ಬರೆಯುತ್ತೇನೆ. ನನಗೆ ಮುಟ್ಟು ನಿಂತು ಹದಿನಾಲ್ಕು ತಿಂಗಳಾಯಿತು. ಹೋದ ವರ್ಷ ಬಸವ ಜಯಂತಿಯ ವಾರ ಬಂದದ್ದೇ ಕೊನೆ. ಮೊದಲ ತಿಂಗಳು ರೂಢಿಯಿಂದ ಬಂದು ಕುಳಿತೆ. ಎರಡನೆಯ ತಿಂಗಳು ಮನೆ ತುಂಬ ಬೀಗರಿದ್ದರು, ಸೊಂಟ ಹಿಡಿದಿತ್ತು, ಆಗಲೂ ಬಂದು ಕುಳಿತೆ. ಮೂರನೆಯ ತಿಂಗಳಿನಿಂದ ಕೂಡ್ರುವ ದಿನವನ್ನು ನಾನೇ ಆರಿಸಿಕೊಳ್ಳತೊಡಗಿದೆ.

ಈ ಖೋಲಿ ಮೊದಲು ಖಾಲಿ ಚೀಲ ಇಡುವ ಜಾಗವಾಗಿತ್ತು. ಒಂದೇ ಕಿಟಕಿ, ಆಚೆ ನುಗ್ಗೆ ಗಿಡ. ಇಲ್ಲಿ ಮಧ್ಯಾಹ್ನ ಮಲಗಬಹುದು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕುಳಿತರೆ "ರೇಣವ್ವಾ, ಹಾಲು ಉಕ್ಕಾಕತ್ತೈತಿ" ಎಂದು ಯಾರೂ ಕರೆಯುವುದಿಲ್ಲ. ಈ ಮನೆಯಲ್ಲಿ ಹೊರಗಾದವಳು ಪೂಜೆ ಮಾಡಬಾರದು. ಆದರೆ ಖೋಲಿಯ ಬಾಗಿಲು ಹಾಕಿದ ಮೇಲೆ ನೋಡುವವರು ಯಾರು? ಮದುವೆಯಾಗಿ ಮೂವತ್ತೆರಡು ವರ್ಷ, ಒಂದು ತಿಂಗಳೂ ಇಲ್ಲಿ ಪೂಜೆ ಬಿಟ್ಟಿಲ್ಲ. ವಿಭೂತಿ ಗಟ್ಟಿ ಹಳೆಯ ಚಹಾ ಡಬ್ಬಿಯಲ್ಲಿದೆ. ಈ ನೋಟುಬುಕ್ಕು ಜೋಳದ ಚೀಲದ ಕೆಳಗೆ.

ತವರಿನಲ್ಲಿ ಹುಡುಗಿಯಾಗಿದ್ದ ನಾನು ಇದನ್ನು ನೋಡಿದ್ದರೆ ನಗುತ್ತಿದ್ದೆ.

ಡಂಬಳದ ನಮ್ಮ ಓಣಿಯಲ್ಲಿ ಹೊರಗೆ ಕೂಡ್ರುವುದೆಂಬುದೇ ಇರಲಿಲ್ಲ. ಗುರುಬಸಜ್ಜ ಎಂಬ ಮುದುಕರೊಬ್ಬರು ಇದ್ದರು. ಅವರಿಗೆ ಹೊಲವೂ ಇಲ್ಲ, ಮಠವೂ ಇಲ್ಲ, ಒಂದು ಪಡಸಾಲೆ ಮಾತ್ರ. ಸೋಮವಾರ ಸಂಜೆ ಅಲ್ಲಿ ಎಲ್ಲ ಮನೆಯವರೂ ಕೂಡುತ್ತಿದ್ದರು. ಯಾರ ಮನೆಯ ರೊಟ್ಟಿ ಯಾರ ಕೈಗೆ ಬಂತು ಎಂದು ಕೇಳುವಂತಿರಲಿಲ್ಲ. ಗಂಡುಹುಡುಗರೂ ಮುಸುರಿ ತಿಕ್ಕಬೇಕಿತ್ತು. ಮಕ್ಕಳೆಲ್ಲ ದಿನಕ್ಕೆ ಒಂದು ಖರೆ ಮಾತು ಬರೆದು ತಂದು ಸೋಮವಾರ ಎದ್ದು ನಿಂತು ಓದಬೇಕು. "ಇವತ್ತು ತಮ್ಮನ ಪಾಲಿನ ಬೆಲ್ಲ ನಾನೇ ತಿಂದೆ" ಎಂದು ನಾನೊಮ್ಮೆ ಓದಿದ್ದೆ. ಯಾರೂ ಬಯ್ಯಲಿಲ್ಲ. ಅಜ್ಜ ಮಾತ್ರ "ಸಿಹಿ ಇತ್ತೇನವಾ?" ಎಂದು ಕೇಳಿದರು. ನಾನು ದೊಡ್ಡವಳಾದ ದಿನ ಅವ್ವ ನನಗೆ ಸ್ನಾನ ಮಾಡಿಸಿ, ಪೂಜೆಗೆ ತನ್ನ ಪಕ್ಕದಲ್ಲೇ ಕೂಡ್ರಿಸಿಕೊಂಡಳು. ಅಷ್ಟೇ. ಅದು ದೊಡ್ಡ ಸುದ್ದಿಯೂ ಅಲ್ಲ, ಸಣ್ಣ ಸುದ್ದಿಯೂ ಅಲ್ಲ.

ಲಕ್ಷ್ಮೇಶ್ವರದ ಈ ಮನೆಗೆ ಬಂದ ಮೊದಲ ತಿಂಗಳು ಹಾಗೆಯೇ ದೇವರ ಖೋಲಿಗೆ ಹೋದೆ. ಅತ್ತೆಯವರು ಮನೆಯನ್ನೆಲ್ಲ ತೊಳೆಸಿದರು. "ಡಂಬಳದವರು ಮಗಳಿಗೆ ಏನೂ ಕಲಿಸಿಲ್ಲ" ಎಂದರು. ಎಲ್ಲ ಕಲಿಸಿದ್ದಾರೆ ಎಂದು ಹೇಳಬೇಕಿತ್ತು. ಹದಿನೆಂಟು ವರ್ಷ ನನಗೆ. ಚಾಪೆ ತಗೊಂಡು ಇಲ್ಲಿಗೆ ಬಂದುಬಿಟ್ಟೆ.

ಬಾಯಿಂದ ಸುಳ್ಳು ಹೇಳುವುದು ರೂಢಿಯಾಗಿದೆ. ಕಾಗದದ ಮೇಲೆ ಸುಳ್ಳು ಬರೆಯಲು ಮಾತ್ರ ಕೈ ಏಳುವುದಿಲ್ಲ.

ಜುಲೈ 10, ಗುರುವಾರ

ಊಟದ ತಾಟು ಹೊಸ್ತಿಲ ಮೇಲೆ ಇಟ್ಟು ಹೋದರು. ಝುಣಕ, ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ. ಅತ್ತೆಯವರಿಗೆ ಎಪ್ಪತ್ತೇಳು. ಮೊಣಕಾಲು ಹಿಡಿದುಕೊಂಡು ಏಳುತ್ತಾರೆ. ನಾನು ಇಲ್ಲಿ ಆರಾಮಾಗಿ ಕುಳಿತು ಅವರ ಕೈಯಿಂದ ರೊಟ್ಟಿ ಬಡಿಸಿಕೊಳ್ಳುತ್ತಿದ್ದೇನೆ. ಆದರೂ ಉಂಡೆ. ಝುಣಕ ಚೆನ್ನಾಗಿತ್ತು.

ಸಂಜೆ ಶಾಲೆಯಿಂದ ಬಂದ ಅಂಕಿತಾ ಹೊಸ್ತಿಲಿನಾಚೆ ಕುಳಿತು ಗಣಿತ ಮಾಡಿದಳು. ಅಂಕಿತಾ ನನ್ನ ಮಗಳು ವಾಣಿಶ್ರೀಯ ಮಗಳು, ಹನ್ನೆರಡು ವರ್ಷ. ವಾಣಿಶ್ರೀ ಮುಂಡರಗಿಯಲ್ಲಿ ನರ್ಸ್. ಪಾಳಿಯ ಕೆಲಸವಾದ್ದರಿಂದ ಈ ವರ್ಷ ಮಗಳನ್ನು ನಮ್ಮಲ್ಲಿ ಓದಲು ಬಿಟ್ಟಿದ್ದಾಳೆ.

"ಅಜ್ಜಿ, ನಿನಗಲ್ಲಿ ಬ್ಯಾಸರ ಆಗಂಗಿಲ್ಲ?"

"ಇಲ್ಲವಾ. ಆರಾಮ ಇರ್ತೈತಿ."

"ಹಂಗಾರ ಚಲೋನ ಅಲ್ಲ" ಎಂದು ಮತ್ತೆ ಲೆಕ್ಕಕ್ಕೆ ತೊಡಗಿದಳು.

ಜುಲೈ 18, ಶುಕ್ರವಾರ

ಪಂಚಮಿಗೆ ಹನ್ನೊಂದು ದಿನ ಉಳಿದಿದೆ. ಉಂಡಿಗೆ ಶೇಂಗಾ, ಎಳ್ಳು ಹಸನು ಮಾಡಲು ಮಾಸುಮಬಿ ಬಂದಿದ್ದಳು. ಹೊಸದಾಗಿ ಮದುವೆಯಾದಾಗಿನಿಂದ ನನ್ನ ಗೆಳತಿ. ಮೊರ ಹಿಡಿದು ಕೇರುತ್ತ ಸಣ್ಣ ದನಿಯಲ್ಲಿ ಕೇಳಿದಳು:

"ಯಕ್ಕಾ, ನಾ ನಿನಗಿಂತ ಎರಡು ವರ್ಷ ಸಣ್ಣಾಕಿ. ನಂದು ಎಂದೋ ಮುಗದೈತಿ. ನಿಂದೇನು ಇನ್ನೂ ಹುಡಿಗ್ಯಾರಗತೆ ತಪ್ಪದ ಬರ್ತೈತಿ?"

"ಬಾಯಿ ಮುಚ್ಚಲೇ. ಅತ್ತಿಯಾರು ಅದಾರ ಒಳಗ."

"ಕೇಳ್ತಾರಂತೇನು? ಮುದುಕಿಗಿ ಕಿವಿ ಮಂದ."

"ಬ್ಯಾಡಾದ್ದು ಎಲ್ಲಾ ಕೇಳ್ತಾರ."

ಮಾಸುಮಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು. ಅವಳು ಹೋದ ಮೇಲೆ ದೇವರ ಮುಂದೆ ತಪ್ಪು ಒಪ್ಪಿಕೊಂಡೆ. ದೇವರ ಮುಂದೆ ಒಪ್ಪಿಕೊಳ್ಳುವುದು ಸುಲಭ, ಆತ ತಿರುಗಿ ಏನೂ ಕೇಳುವುದಿಲ್ಲ.

ಜುಲೈ 24, ಗುರುವಾರ. ನಾಗರ ಅಮಾವಾಸ್ಯೆ

ಚೌತಿಯ ದಿನ ಓಣಿಯ ಅರಳಿಕಟ್ಟೆಯ ನಾಗಪ್ಪನಿಗೆ ಹಾಲೆರೆಯಬೇಕು. ನಮ್ಮ ಮನೆಯಲ್ಲಿ ಮೊದಲ ಹಾಲು ಮನೆಯ ಎಲ್ಲರಿಗಿಂತ ಸಣ್ಣ ಹೆಣ್ಣುಮಗಳದು. ಬಹಳ ವರ್ಷಗಳಿಂದ ಸಣ್ಣವರು ಯಾರೂ ಇಲ್ಲದೆ ನಾನೇ ಎರೆಯುತ್ತಿದ್ದೆ. ಈ ಸಲ ಅಂಕಿತಾ. ಅತ್ತೆಯವರೇ ಅವಳನ್ನು ತೊಡೆಯ ಬಳಿ ಕೂಡ್ರಿಸಿಕೊಂಡು ಕಲಿಸಿದರು.

"ಕೊಬ್ಬರಿ ಬಟ್ಟಲದಾಗ ಹಾಲು ತಗೋಬೇಕು. ಒಬ್ಬೊಬ್ಬರ ಹೆಸರು ತಗೊಂಡು ಒಂದೊಂದು ಸಲ ಹಾಕಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ಯಾರನ್ನೂ ಮರೀಬಾರದು."

"ಮರೆತ್ರ?"

"ಮರೆತೋರು ವರ್ಷಪೂರ್ತಿ ನಿನ್ನ ಕೂಡ ಜಗಳಾ ಮಾಡ್ತಾರ."

ಹುಡುಗಿ ಪಟ್ಟಿ ಮಾಡಿಕೊಂಡಳು. ನಮ್ಮ ಮನೆಯವರು ಕೊಟ್ರಪ್ಪ, ಧಾನ್ಯದ ಅಡತಿ ಅಂಗಡಿಯಿಂದ ಊಟಕ್ಕೆ ಬಂದವರು, ತಮ್ಮ ಹೆಸರು ಏಳನೆಯದೆಂದು ತಿಳಿದು ಸಿಟ್ಟು ಬಂದವರಂತೆ ನಟಿಸಿದರು. "ಬೆಕ್ಕಿನ ಹಿಂದ ನನ್ನ ಪಾಲೇನಬೇ?" ಎಂದರು. ಅಂಕಿತಾ ತಂಬಿಗೆಯಲ್ಲಿ ನೀರು ತುಂಬಿ ಹಿತ್ತಲಿನ ಕಲ್ಲಿನ ಮೇಲೆ ಅಭ್ಯಾಸ ಮಾಡಿದಳು. ಕಲ್ಲು ಎಲ್ಲ ತೊಯ್ದು ಹೋಯಿತು.

ತಂಬಿಟ್ಟಿನ ಉಂಡಿ ಮುಗಿದವು. ಎಳ್ಳುಂಡಿ ನಾಳೆ.

ಜುಲೈ 26, ಶನಿವಾರ

ಮಧ್ಯಾಹ್ನ ಅಂಕಿತಾ ಶಾಲೆಯಿಂದ ಚೀಲವನ್ನು ಬೆನ್ನಿನ ಬದಲು ಕೆಳಗೆ ಜೋಲಿಸಿ ಹಿಂದೆ ಹಿಡಿದುಕೊಂಡು ಬಂದಳು. ನೋಡಿದ ಕೂಡಲೇ ತಿಳಿಯಿತು. ಹಿತ್ತಲಿಗೆ ಕರೆದೊಯ್ದೆ.

ಅವಳು ಅಳಲಿಲ್ಲ. ಶಾಲೆಯಲ್ಲಿ ಪಾಠ ಮಾಡಿದ್ದಾರಂತೆ, ಅವ್ವ ಪುಸ್ತಕ ತೋರಿಸಿದ್ದಾಳಂತೆ. ನನಗೇ ಕಣ್ಣು ತುಂಬಿ ಬಂತು. ಒಣಕೊಬ್ಬರಿ, ಬೆಲ್ಲ ಬಾಯಿಗೆ ಹಾಕಿದೆ. ನನ್ನ ಅವ್ವನಂತೆ ಸ್ನಾನ ಮಾಡಿಸಿ ಪೂಜೆಗೆ ಪಕ್ಕದಲ್ಲಿ ಕೂಡ್ರಿಸಿಕೊಳ್ಳಬೇಕು ಎಂದು ಮನಸ್ಸಿಗೆ ಬಂತು. ಬಂದದ್ದು ಮನಸ್ಸಿಗೆ ಮಾತ್ರ.

ಅಷ್ಟರಲ್ಲಿ ಅತ್ತೆಯವರು ಗೋಡೆ ಹಿಡಿದುಕೊಂಡು ಬಂದು ನಿಂತಿದ್ದರು.

"ದೊಡ್ಡಾಕಿ ಆದಳೇನು? ಚಲೋ ಆತು. ನನ್ನ ಕಣ್ಣ ಮುಂದ ಆತು." ಎರಡೂ ಕೈಗಳಿಂದ ಹುಡುಗಿಯ ದೃಷ್ಟಿ ತೆಗೆದು ಲಟಿಕೆ ಮುರಿದರು. ದೂರದಿಂದಲೇ. ಆಮೇಲೆ ನನ್ನ ಕಡೆ ತಿರುಗಿ, "ಮೊದಲನೇದಕ್ಕ ಐದು ದಿನ ಖೋಲಿಯಾಗ ಕುಂದ್ರಲಿ. ಹಾಲು ಈ ವರ್ಷನೂ ನೀನಽ ಹಾಕು" ಎಂದರು.

ನಾನು ಅಂಕಿತಾಳ ಮುಖ ನೋಡಿದೆ. ವಾದ ಮಾಡುತ್ತಾಳೆ, ಅವ್ವನಂತೆ ಬಾಯಿ ಜೋರು ಎಂದುಕೊಂಡಿದ್ದೆ. ಅವಳು ಮೆಲ್ಲಗೆ, "ಪಟ್ಟಿ ಬಾಯಿಪಾಠ ಮಾಡಿದ್ನಿ" ಎಂದಳು. ಚೀಲ ಕೆಳಗಿಟ್ಟು, "ಇರ್ಲಿ ಬಿಡು. ನೀನೂ ಕುಂದ್ರತಿ ಅಲ್ಲ ಅಜ್ಜಿ. ನೀ ದಿನಾ ಪೂಜಾ ಮಾಡಾಕಿ. ನೀನಽ ಕುಂದ್ರತಿ ಅಂದ್ರ ಅದು ಖರೇನ ಇರ್ಬೇಕು" ಎಂದಳು.

ತನ್ನ ಹೊದಿಕೆ ತಾನೇ ತೆಗೆದುಕೊಂಡು ಖೋಲಿಗೆ ಹೋದಳು.

ಇದಕ್ಕಿಂತ ಹೆಚ್ಚು ಬರೆಯಲು ಆಗುವುದಿಲ್ಲ.

ಜುಲೈ 27, ಭಾನುವಾರ. ರೊಟ್ಟಿ ಪಂಚಮಿ

ಸಜ್ಜೆ ರೊಟ್ಟಿ, ಐದು ತರದ ಪಲ್ಯ, ಚಟ್ನಿಪುಡಿ ಮನೆಮನೆಗೆ ಕೊಟ್ಟು ಬಂದೆವು. ಓಣಿಯ ಎಲ್ಲ ಮನೆಗಳಿಂದಲೂ ಬಂದವು. ಮಾಸುಮಬಿಯ ಮನೆಗೆ ಹನ್ನೊಂದು ರೊಟ್ಟಿ ಕಳಿಸಿದ್ದಕ್ಕೆ ಅವಳಿಂದ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾದ ಹಿಂಡಿ ಬಂತು.

ಹನ್ನೊಂದು ಗಂಟೆಯ ಬಸ್ಸಿಗೆ ವಾಣಿಶ್ರೀ ಬಂದಳು. ಮಗಳನ್ನು ನೋಡಿ ನೇರ ಖೋಲಿಯೊಳಗೇ ಹೋಗಿ ತಬ್ಬಿಕೊಂಡಳು. ಆಮೇಲೆ ಹಿತ್ತಲಿನ ಬಾವಿಕಟ್ಟೆಯ ಬಳಿ ನನ್ನ ಜೊತೆ ಮಾತಾಡಿದಳು. ಸಿಟ್ಟು ಇರಲಿಲ್ಲ ಅವಳಿಗೆ. ಇದ್ದಿದ್ದರೆ ಚೆನ್ನಾಗಿತ್ತು.

"ನಾ ಅಜ್ಜಿ ಕೂಡ ಮಾತಾಡ್ಲೇನು?"

"ಹಬ್ಬದಾಗ ಬ್ಯಾಡವಾ."

"ನಾ ದೊಡ್ಡಾಕಿ ಆಗಿ ಕುಂತಾಗೂ ಹಿಂಗಽ ಅಂದಿದ್ದಿ. ಅವಾಗ ಲಗ್ನ ಇತ್ತು ಮನ್ಯಾಗ." ಹಗ್ಗ ಜಗ್ಗಿ ಕೊಡ ಮೇಲೆತ್ತಿದಳು. "ಸಣ್ಣಾಕಿ ಇದ್ದಾಗ ನಿನ್ನ ಡಂಬಳದ ಕಥಿ ಎಷ್ಟು ಹೇಳ್ತಿದ್ದಿ ಅವ್ವಾ. ಅಜ್ಜಾರ ಪಡಸಾಲಿ, ಸೋಮವಾರ, ಹುಡುಗರು ಮುಸುರಿ ತಿಕ್ಕೋದು. ನಾ ತಿಳ್ಕೊಂಡಿದ್ನಿ, ಅದು ರಾಜಾ ರಾಣಿ ಕಥಿ ಇದ್ದಂಗ ಕಥಿ ಅಂತ. ಅಂಥಾ ಊರು ಖರೇ ಐತಿ ಅಂತ ನನಗ ನರ್ಸಿಂಗ್ ಓದಾಕ ಹೋದ ಮ್ಯಾಲ ಗೊತ್ತಾತು. ನಿನ್ನ ಓಣಿ ಹುಡುಗಿ ಒಬ್ಬಾಕಿ ನನ್ನ ಹಾಸ್ಟೆಲ್ ಖೋಲಿಯಾಗ ಇದ್ಲು."

ನಾನು ಕೊಡ ಇಸಿದುಕೊಂಡು ಒಳಗೆ ನಡೆದೆ.

ಸಂಜೆ ಅಂಕಿತಾಗೆ ಊಟ ಕೊಡಲು ಹೋದೆ. ಚಹಾ ಡಬ್ಬಿ ಅವಳ ಕೈಯಲ್ಲಿತ್ತು.

"ಅಜ್ಜಿ, ಇಲ್ಲಿ ವಿಭೂತಿ ಯಾರದು?"

"ನಂದು."

"ಇಲ್ಲಿ ಪೂಜಾ ಮಾಡ್ತಿದ್ದೇನು? ಹೊರಗ ಕುಂತಾಗ?"

"ಹೂಂ."

"ಮಾಡಿದ್ರ ಏನೂ ಆಗಲಿಲ್ಲ?"

"ಏನಾಗ್ತೈತಿ? ದೇವರು ಬ್ಯಾರೆ ಕಡೆ ಹೋಗಂಗಿಲ್ಲಲ್ಲ, ಲಿಂಗ ಆಗಿ ನನ್ನ ಎದಿ ಮ್ಯಾಲಽ ಇರ್ತಾನ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.

"ಹಂಗಾರ ಇಲ್ಲಿ ಯಾಕ ಕುಂದ್ರತಿದ್ದಿ?"

ತವರಿನ ಪಡಸಾಲೆಯಲ್ಲಿ ಎದ್ದು ನಿಂತು ಓದಿದ್ದೆ, ಒಮ್ಮೆಯೂ ಬಾಯಿ ಒಣಗಿರಲಿಲ್ಲ. ಈ ಹುಡುಗಿಯ ಮುಂದೆ ಒಣಗಿತು. "ಉಣ್ಣವಾ, ರೊಟ್ಟಿ ಆರ್ತಾವ" ಎಂದು ಎದ್ದು ಬಂದೆ.

ಜುಲೈ 28, ಸೋಮವಾರ. ನಾಗರ ಚೌತಿ

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ, ಮರೆಯಬಾರದು.

ಬೆಳಿಗ್ಗೆ ಎದ್ದು ಅಂಕಿತಾಗೆ ತಲೆಗೆ ಎಣ್ಣೆ ಹಚ್ಚಿ ಎರೆದೆ. ಹಸಿರು ಲಂಗ ಹಾಕಿಸಿದೆ. "ಎಲ್ಲಿಗಿ ಅಜ್ಜಿ?" ಎಂದಳು. "ಪಡಸಾಲಿಗಿ" ಎಂದೆ. ಕೈ ಹಿಡಿದುಕೊಂಡು ಒಳಗೆ ಹೋದೆ.

ಅತ್ತೆಯವರು ಹಾಲಿಗೆ ಬೆಲ್ಲ ಕರಗಿಸುತ್ತ ಕುಳಿತಿದ್ದರು. ವಾಣಿಶ್ರೀ ಹೂ ಕಟ್ಟುತ್ತಿದ್ದಳು. ನಮ್ಮ ಮನೆಯವರು ಕನ್ನಡಿಯ ಮುಂದೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು. ಅತ್ತೆಯವರ ಕೈಯ ಚಮಚ ನಿಂತಿತು.

"ರೇಣವ್ವಾ, ಆಕಿನ ಯಾಕ ಒಳಗ ಕರಕೊಂಡು ಬಂದಿ?"

ನಾನು ಕೂಡ್ರಲಿಲ್ಲ. ನಿಂತೇ ಹೇಳಿದೆ.

"ಅತ್ತಿಯಾರ, ನಂದು ನಿಂತು ಹದಿನಾಕು ತಿಂಗಳಾತ್ರಿ. ಅಲ್ಲಿಂದ ಸುಳ್ಳು ಹೇಳಿ ಖೋಲಿಯಾಗ ಕುಂದ್ರಾಕತ್ತೀನಿ. ನೀವು ಮೊಣಕಾಲು ಹಿಡ್ಕೊಂಡು ರೊಟ್ಟಿ ಮಾಡ್ತಿದ್ರಿ, ನಾ ಮಲಗತಿದ್ನಿ. ಅದು ನನ್ನ ತಪ್ಪು. ಇನ್ನೊಂದು ಐತಿ. ಖರೇ ಹೊರಗಾದಾಗೂ, ಮೂವತ್ತೆರಡು ವರ್ಷ, ಆ ಖೋಲಿಯಾಗ ಲಿಂಗಪೂಜಾ ಬಿಟ್ಟಿಲ್ಲ. ಅದು ತಪ್ಪಲ್ಲ. ಆ ಪೂಜಾದಾಗ ಈ ವಾಣಿಶ್ರೀನ ಬೇಡಿದ್ನಿ. ನಿಮ್ಮ ಕಣ್ಣು ಆಪರೇಶನ್ ಆದಾಗ ನಿಮ್ಮ ಕಣ್ಣು ಬೇಡಿದ್ನಿ. ದೇವರು ಒಮ್ಮೆನೂ ದೂರ ನಿಂತು ಕೇಳು ಅನ್ನಲಿಲ್ಲ. ಈ ಹುಡುಗಿ ನನ್ನ ನೋಡಿ ಹೊರಗ ಕುಂತಾಳ್ರಿ. ನನ್ನ ಸುಳ್ಳು ನೋಡಿ ಕುಂತಾಳ. ಇಕಿನಽ ಹಾಲು ಹಾಕಬೇಕು."

ಇವರ ಕೈ ಟೊಪ್ಪಿಗೆಯ ಮೇಲೆಯೇ ಇತ್ತು.

ಅತ್ತೆಯವರು ಚಮಚ ಝಾಡಿಸಿ ಪಕ್ಕಕ್ಕೆ ಇಟ್ಟರು.

"ನಿಂದು ನಿಂತದ್ದು ನನಗ ಗೊತ್ತೈತಿ."

"ಎಂದಿನಿಂದ್ರಿ?"

"ಹೋದ ದೀಪಾವಳಿಯಿಂದ. ನನ್ನ ಮಗಳು ಮೂರು ಮಕ್ಕಳ್ನ ಕಟ್ಕೊಂಡು ಬಂದಳು, ಮರದಿನಽ ನೀ ಕುಂತಿ. ಸಂಕ್ರಾಂತಿಗಿ ಕುಂತಿ. ಅಂಗಡಿ ಪೂಜಾಕ್ಕ ಇಪ್ಪತ್ತು ಮಂದಿ ಊಟ ಅಂದ್ರ ಕುಂತಿ. ಯಾರಿಗರ ಹಿಂಗ ಮನ್ಯಾಗಿನ ಕೆಲಸಾ ನೋಡಿ ನೋಡಿ ಬರ್ತೈತೇನು? ಎಂಟು ಮಕ್ಕಳ ಹಡದೀನಿ ನಾ."

ವಾಣಿಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು.

"ಗೊತ್ತಿದ್ದೂ ಯಾಕ ಸುಮ್ಮನಿದ್ರಿ ಅತ್ತಿಯಾರ?"

ಅವರು ಹಾಲನ್ನೇ ನೋಡುತ್ತ ಹೇಳಿದರು. "ನೀ ಬಂದ ಮ್ಯಾಲ ಒಲಿ ನಿನಗ ಕೊಟ್ನಿ. ಕೊಟ್ಟದ್ದು ತಿರುಗಿ ಕೇಳಾಕ ಬರತೈತೇನು? ತಿಂಗಳಿಗಿ ಮೂರು ದಿನ ಒಲಿ ನಂದು ಆಗ್ತಿತ್ತು. ಈ ಮಗಾ ನನ್ನ ಕೈಯಾಗಿಂದು ಉಣತಿದ್ದ. ನೀ ಮುದುಕಿ ಆದಿ ಅಂತ ನಾ ಹೇಳಿಬಿಟ್ರ ಆ ಮೂರು ದಿನಾನೂ ಹೋಗ್ತಿದ್ದುವು."

ಇವರು ಮೆಲ್ಲಗೆ, "ಅಂದ್ರ ಇನ್ನ ಮುಂದ ಝುಣಕಾ ಇಲ್ಲೇನು?" ಎಂದರು.

"ನೀ ಅಂಗಡಿಗಿ ನಡಿ" ಎಂದರು ಅತ್ತೆಯವರು.

ಹುಡುಗಿ ನನ್ನ ಕೈ ಬಿಟ್ಟಿರಲಿಲ್ಲ. ಅತ್ತೆಯವರು ಅವಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ನಿಜವಾಗಿಯೂ ಭಯವಿತ್ತು. ಅದನ್ನು ನಾನು ಸುಳ್ಳೆನ್ನಲಾರೆ. ಅವರ ಒಬ್ಬ ಮಗ ಎಳೆಯನಿದ್ದಾಗ ಹಾವು ಕಚ್ಚಿ ಹೋಗಿದ್ದ. ಆ ವರ್ಷ ಹಾಲೆರೆದದ್ದರಲ್ಲಿ ಏನೋ ತಪ್ಪಾಗಿತ್ತೆಂದು ಓಣಿಯವರು ಆಡಿಕೊಂಡಿದ್ದರಂತೆ. ಇಷ್ಟು ವರ್ಷ ಆ ಮಾತು ಅವರೊಳಗೆ ಇದೆ.

"ನಾಗಪ್ಪಗ ಸಿಟ್ಟು ಬಂದ್ರ?" ಎಂದರು. ನನಗಲ್ಲ, ಯಾರಿಗೋ.

ಗುರುಬಸಜ್ಜ ಇದ್ದಿದ್ದರೆ ಏನೋ ಹೇಳುತ್ತಿದ್ದರು.

ಅತ್ತೆಯವರೇ ನೆಲಕ್ಕೆ ಕೈ ಊರಿ ಎದ್ದರು. ಹಾಲಿನ ತಂಬಿಗೆ ತಮ್ಮ ಕೈಗೆ ತೆಗೆದುಕೊಂಡರು.

"ಮೊದಲನೇ ಹಾಲು ನಾ ಹಾಕ್ತೀನಿ. ನನ್ನ ಹಿಂದ ಇಕಿ ಹಾಕಲಿ. ಸಿಟ್ಟು ಬಂದ್ರ ಮುಂದ ನಾ ಇರ್ತೀನಿ, ನನ್ನ ಮ್ಯಾಲ ಬರಲಿ. ಬಾ ಇಲ್ಲಿ."

ಕೈ ಚಾಚಿದರು. ಅಂಕಿತಾ ನನ್ನ ಮುಖ ನೋಡಿದಳು. ನಾನು ಕೈ ಬಿಟ್ಟೆ. ಅತ್ತೆಯವರು ಅವಳನ್ನು ಮುಟ್ಟಿದರು. ತಲೆ, ಗಲ್ಲ, ಭುಜ, ಎಲ್ಲ ಮುಟ್ಟಿ ನೋಡಿದರು. ಮೂರು ದಿನದ ಬಾಕಿ ತೀರಿಸಿಕೊಂಡಂತೆ.

ಅರಳಿಕಟ್ಟೆಗೆ ಎಲ್ಲರೂ ಹೋದೆವು. ಅತ್ತೆಯವರು ಮೊದಲ ಬಟ್ಟಲು ಎರೆದು, ಕಲ್ಲಿನ ನಾಗಪ್ಪನ ಮತ್ತು ಹುಡುಗಿಯ ನಡುವೆ ಅರ್ಧ ಅಡ್ಡವಾಗಿ ನಿಂತರು. ಅಂಕಿತಾ ಅವರ ಸೊಂಟದ ಪಕ್ಕದಿಂದ ಕೈ ತೂರಿಸಿ ಎರೆಯತೊಡಗಿದಳು. ದೇವರ ಪಾಲು. ಗುರುವಿನ ಪಾಲು. ಅಪ್ಪನ, ಅವ್ವನ ಪಾಲು. ದೊಡ್ಡಜ್ಜಿಯ ಪಾಲು. ಬೆಕ್ಕಿನ ಪಾಲು, ಅಜ್ಜನ ಪಾಲು. ಮಾಸುಮಬಿ ಅಜ್ಜಿಯ ಪಾಲು. ಕೊನೆಗೆ ನನ್ನದು.

ಬಟ್ಟಲಲ್ಲಿ ಸ್ವಲ್ಪ ಉಳಿದಿತ್ತು. ಒಂದು ಕ್ಷಣ ಯೋಚಿಸಿ, "ಹೊರಗಿನ ಖೋಲಿ ಪಾಲು" ಎಂದು ಅದನ್ನೂ ಎರೆದಳು.

ಅತ್ತೆಯವರು "ಖೋಲಿಗಿ ಯಾಕಬೇ ಪಾಲು?" ಎಂದರು.

"ಅಜ್ಜಿನ ಇಷ್ಟು ದಿನ ಇಟ್ಕೊಂಡಿತ್ತಲ್ಲ" ಎಂದಳು ಹುಡುಗಿ.

ಜುಲೈ 29, ಮಂಗಳವಾರ. ಪಂಚಮಿ

ಜೋಕಾಲಿ ಆಡಿದೆವು. ವಾಣಿಶ್ರೀ ಜೀಕಿದಳು, ನಾನು ಕೂತೆ. ಮಾಸುಮಬಿ ನೋಡಿ ಹಗ್ಗ ಹರಿಯುತ್ತದೆ ಎಂದಳು. ಹರಿಯಲಿಲ್ಲ.

ಆಗಸ್ಟ್ 6, ಬುಧವಾರ

ಏನೂ ಆಗಿಲ್ಲ. ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯವರು ಚೌತಿಯಾದ ಮೇಲೆ ಎಂಟು ದಿನ ಪ್ರತಿ ಬೆಳಿಗ್ಗೆ ಅಂಕಿತಾಳ ಪಾದ ನೋಡಿ ಶಾಲೆಗೆ ಕಳಿಸಿದರು. ಒಂಬತ್ತನೆಯ ದಿನವಾದ ಇವತ್ತು ನೋಡಲಿಲ್ಲ. ಮರೆತರೋ, ಬಿಟ್ಟರೋ ನಾನು ಕೇಳಲಿಲ್ಲ.

ಬೆಳಿಗ್ಗೆ ಹಿಟ್ಟು ನಾದಲು ಕುಳಿತಿದ್ದೆ. ಅತ್ತೆಯವರು ಬಂದು ಪರಾತ ಎಳೆದುಕೊಂಡರು.

"ಇವತ್ತು ನಿನ್ನ ದಿನ ಅಲ್ಲೇನು?"

"ಅತ್ತಿಯಾರ, ಇನ್ನೂ ಚಾಷ್ಟಿ ಮಾಡ್ತೀರಿ ಅಲ್ಲ."

"ಚಾಷ್ಟಿ ಅಲ್ಲ. ತಿಂಗಳಿಗಿ ಮೂರು ದಿನ ಒಲಿ ನಂದು. ಹಿಟ್ಟು ನೀ ನಾದಿಕೊಡು, ಮೊಣಕಾಲು ಕೇಳಂಗಿಲ್ಲ. ಆಮ್ಯಾಲ ಏಳು ಇಲ್ಲಿಂದ."

ನಾದಿಕೊಟ್ಟು ಎದ್ದೆ. ಖೋಲಿಯ ಬಾಗಿಲು ತೆರೆದೇ ಇತ್ತು. ಅಂಕಿತಾ ಕಿಟಕಿಯ ಕೆಳಗೆ ತನ್ನ ಪುಸ್ತಕ ಜೋಡಿಸಿಟ್ಟಿದ್ದಾಳೆ, ಚಹಾ ಡಬ್ಬಿಯ ಪಕ್ಕದಲ್ಲಿ. ಶಾಲೆಯಿಂದ ಬಂದ ಮೇಲೆ ಅಲ್ಲಿಯೇ ಓದುತ್ತಾಳೆ. ನಾನು ಪೂಜೆಗೆ ಕುಳಿತೆ. ನಡುವೆ ಒಳಗಿನಿಂದ ಅತ್ತೆಯವರ ದನಿ ಬಂತು: "ರೇಣವ್ವಾ, ಉಪ್ಪಿನ ಡಬ್ಬಿ ಎಲ್ಲಿಟ್ಟಿ?"

"ಎಡಕ್ಕ, ಮ್ಯಾಲಿನ ಹಲಗಿ ಮ್ಯಾಲ್ರೀ" ಎಂದು ಕಣ್ಣು ಮುಚ್ಚಿಕೊಂಡೇ ಕೂಗಿದೆ. ಲಿಂಗ ಹಿಡಿದ ಅಂಗೈ ಅಲುಗಲಿಲ್ಲ.

ಸಂಜೆ ಅಂಕಿತಾ ನೋಟುಬುಕ್ಕು ನೋಡಿ, "ಅಜ್ಜಿ, ಇದರಾಗ ಏನು ಬರೀತಿ?" ಎಂದಳು. ಗುರುಬಸಜ್ಜನ ಪದ್ಧತಿ ಹೇಳಿದೆ. ಅವಳು ತನ್ನ ವಹಿಯಿಂದ ಒಂದು ಹಾಳೆ ಹರಿದು, ಕೈಯಿಂದ ಮರೆಮಾಡಿ ಏನೋ ಬರೆದಳು. ಸೋಮವಾರ ಓದುತ್ತಾಳಂತೆ. ಎಲ್ಲರೂ ಪಡಸಾಲೆಯಲ್ಲಿ ಕೂಡ್ರಬೇಕಂತೆ, ದೊಡ್ಡಜ್ಜಿಯೂ ಒಂದು ಖರೆ ಮಾತು ಹೇಳಬೇಕಂತೆ.

ಅತ್ತೆಯವರಿಗೆ ಹೇಳಿದೆ. "ನಂದು ಒಂದು ಸೋಮವಾರದಾಗ ಮುಗಿಯಂಗಿಲ್ಲ" ಎಂದರು.

ಝುಣಕಕ್ಕೆ ಉಪ್ಪು ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ. ಇಲ್ಲಿ ಬರೆದಿಡುತ್ತೇನೆ. ಸೋಮವಾರ ಇದನ್ನೇ ಓದುತ್ತೇನೆ.